ಭೂಭೌತಿಕ ಚಿತ್ರ ಓದಲು ಯಾವ ಫಜಿ ವಿಧಾನ? ಎರೆ, ಮಡ್ಡಿ, ಕಲಾದಗಿ ಕಲ್ಲಿಗೆ ತಕ್ಕ ಆಯ್ಕೆ

ಇಂಡಿ ಕಡೆಯ ಎರೆ ಹೊಲದಲ್ಲಿ 48 ಎಲೆಕ್ಟ್ರೋಡ್ (ವಿದ್ಯುತ್ ಹರಿಸುವ ಲೋಹದ ಗೂಟ) ನೆಟ್ಟು ರೆಸಿಸ್ಟಿವಿಟಿ, ಅಂದರೆ ನೆಲ ವಿದ್ಯುತ್ತಿಗೆ ಒಡ್ಡುವ ಅಡ್ಡಿ, ಅಳೆದರೆ ಕೊನೆಗೆ ಕೈಗೆ ಬರುವುದು ನೀಲಿಯಿಂದ ಕೆಂಪಿನವರೆಗಿನ ಒಂದು ಬಣ್ಣದ ಚಿತ್ರ. ಹೊಲದವರ ಪ್ರಶ್ನೆ ಮಾತ್ರ ಒಂದೇ: ಬೋರು ಎಲ್ಲಿ ಹಾಕಿಸಬೇಕು? ಚಿತ್ರಕ್ಕೂ ಆ ಪ್ರಶ್ನೆಗೂ ನಡುವೆ ಇರುವ ಕೆಲಸಕ್ಕೇ ಫಜಿ ಲಾಜಿಕ್ ಬಳಸುತ್ತಾರೆ. ಆದರೆ ಫಜಿ ಎಂದರೆ ಒಂದೇ ವಿಧಾನವಲ್ಲ. ನಿಯಮ ಬರೆಯುವ ಮಮ್ದಾನಿ ಪದ್ಧತಿ, ತಾನೇ ಗುಂಪು ಮಾಡುವ ಸಿ-ಮೀನ್ಸ್, ನಕ್ಷೆಗಳನ್ನು ಒಂದರ ಮೇಲೊಂದು ಹಾಕುವ ಗಾಮಾ ಓವರ್‌ಲೇ, ಕಲಿತುಕೊಳ್ಳುವ ಆನ್‌ಫಿಸ್ ಇವೆ. ಫಜಿಯೇ ಬೇಡ, ಗೆರೆ ಎಳೆದು ಓದಿದರೆ ಸಾಕು ಎನ್ನುವ ಹಳೆಯ ದಾರಿಯೂ ಇದೆ. ಇವುಗಳಲ್ಲಿ ಯಾವುದನ್ನು ಹಿಡಿಯಬೇಕೆಂದು ವಿದ್ಯಾರ್ಥಿಗಳೂ ಜಲಾನಯನ ಕೆಲಸದವರೂ ಕೇಳುತ್ತಲೇ ಇರುತ್ತಾರೆ.

ಎಲ್ಲಕ್ಕೂ ತಳಹದಿಯಾದ ವಿಚಾರ 1965ರಲ್ಲಿ ಲಾಟ್ಫಿ ಜಾದೆ ಮಂಡಿಸಿದ್ದು. ಒಂದು ವಸ್ತು ಒಂದು ಗುಂಪಿಗೆ ಸೇರಿದೆ ಅಥವಾ ಸೇರಿಲ್ಲ ಎಂದು ಕಡ್ಡಿ ಮುರಿದಂತೆ ಹೇಳುವ ಬದಲು 0ರಿಂದ 1ರ ನಡುವೆ ಎಷ್ಟರ ಮಟ್ಟಿಗೆ ಸೇರಿದೆ ಎಂದು ಹೇಳುವುದು. ಕಲ್ಲಿನ ವಿಷಯದಲ್ಲಿ ಇದು ಸಹಜ. ಗರಸು ಎಲ್ಲಿ ಮುಗಿದು ಗಟ್ಟಿ ಕಲ್ಲು ಎಲ್ಲಿ ಶುರುವಾಗುತ್ತದೆ ಎಂದು ಬೋರಿನ ಗಾಡಿಯವರನ್ನು ಕೇಳಿದರೂ ಒಂದೇ ಅಡಿಯ ಲೆಕ್ಕ ಸಿಗುವುದಿಲ್ಲ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಮೊದಲನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು: ನಿಮ್ಮ ಬಳಿ ಕಲ್ಲಿನ ದಾಖಲೆ ಇರುವ ಬೋರು ಎಷ್ಟಿವೆ? ಎಷ್ಟು ಅಡಿಗೆ ಏನು ಬಂತು, ಎಲ್ಲಿ ನೀರು ಬಿತ್ತು ಎಂಬ ಲೆಕ್ಕವಿರುವ ಬೋರು ಎಂದರ್ಥ. ಸೊನ್ನೆ, ಐದಾರು, ನೂರಾರು ಈ ಮೂರು ಸ್ಥಿತಿಗೆ ಮೂರು ಬೇರೆ ಉತ್ತರ.

ಎರಡನೆಯದು, ಚಿತ್ರ ಎಷ್ಟು ಬಗೆಯದು. ಬರೀ ರೆಸಿಸ್ಟಿವಿಟಿಯೇ, ಅದರ ಜೊತೆ ಚಾರ್ಜೆಬಿಲಿಟಿಯೂ (ವಿದ್ಯುತ್ ನಿಲ್ಲಿಸಿದ ಮೇಲೂ ನೆಲ ಸ್ವಲ್ಪ ಹೊತ್ತು ಹಿಡಿದಿಡುವ ಚಾರ್ಜಿನ ಅಳತೆ) ಇದೆಯೇ, ಇಳಿಜಾರು, ಬಿರುಕುಗೆರೆಗಳ ನಕ್ಷೆ ಇದೆಯೇ? ಒಂದೇ ಚಿತ್ರವಿದ್ದಾಗ ಫಜಿಯಿಂದ ಆಗುವ ಲಾಭ ಕಡಿಮೆ. ಮೂರನೆಯದು, ಹೊಲವೋ ತಾಲ್ಲೂಕೋ. 235 ಮೀಟರ್ ಸಾಲಿನ ಸೀಳುಚಿತ್ರದಲ್ಲಿ (ನೆಲವನ್ನು ಉದ್ದಕ್ಕೆ ಸೀಳಿ ನೋಡಿದಂಥ ಚಿತ್ರ) ಕೆಲವು ನೂರರಿಂದ ಕೆಲವು ಸಾವಿರ ಕೋಶಗಳು, ಅಂದರೆ ಚಿತ್ರದ ಸಣ್ಣ ತುಂಡುಗಳು, ಇರುತ್ತವೆ. ಸುಮಾರು 10,500 ಚದರ ಕಿಲೋಮೀಟರಿನ ವಿಜಯಪುರ ಜಿಲ್ಲೆಯನ್ನು 30 ಮೀಟರ್ ಚೌಕಗಳಲ್ಲಿ ನೋಡಿದರೆ ಚೌಕಗಳೇ 1.17 ಕೋಟಿ. ನಾಲ್ಕನೆಯದು, ಫಲಿತಾಂಶವನ್ನು ಹಣ ಹಾಕುವವರಿಗೆ ವಿವರಿಸಿ ಹೇಳಬೇಕೇ? ಬೋರಿಗೆ ಸಾಲ ಮಾಡುವ ಕುಟುಂಬಕ್ಕೆ ‘ಕಂಪ್ಯೂಟರ್ ಹೀಗಂದಿತು’ ಎನ್ನುವುದು ಉತ್ತರವಾಗುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಚಿತ್ರ ಎಷ್ಟು ಆಳ ಕಾಣುತ್ತದೆ? 5 ಮೀಟರ್ ಅಂತರದ 48 ಎಲೆಕ್ಟ್ರೋಡಿನ ಸಾಲಿನ ಉದ್ದ 235 ಮೀಟರ್. ನಾಲ್ಕು ಎಲೆಕ್ಟ್ರೋಡುಗಳನ್ನು ಸಮ ಅಂತರದಲ್ಲಿ ಬಳಸುವ ವೆನ್ನರ್ ಜೋಡಣೆಯಲ್ಲಿ ನೋಟದ ಆಳ ಉದ್ದದ ಸುಮಾರು 0.17 ಪಾಲು, ಅಂದರೆ 40 ಮೀಟರ್, 130 ಅಡಿ. ಅಂತರ 10 ಮೀಟರಿಗೆ ಹೆಚ್ಚಿಸಿದರೆ ಸುಮಾರು 80 ಮೀಟರ್, 260 ಅಡಿ. ಆದರೆ ಮೇಲಿನ ತೆಳು ಪದರಗಳು ಕಾಣದಾಗುತ್ತವೆ. 400 ಅಡಿಯ ಬೋರಿಗೆ 130 ಅಡಿಯ ಚಿತ್ರ ಹಿಡಿದು ಯಾವ ಫಜಿ ವಿಧಾನ ಹಾಕಿದರೂ ಕೆಳಗಿನ 270 ಅಡಿಯ ಬಗ್ಗೆ ಅದು ಏನೂ ಹೇಳದು.

ಗೆರೆ ಎಳೆದು ಓದುವುದು

ಡೆಕ್ಕನ್ ಟ್ರಾಪ್ ಕಲ್ಲಿಗೆ (ಲಾವಾ ಆರಿ ಹಾಸುಹಾಸಾಗಿ ಕೂತ ಬಸಾಲ್ಟ್ ಎಂಬ ಕರಿಕಲ್ಲು) ಸಾಮಾನ್ಯವಾಗಿ ಬಳಸುವ ಅಂದಾಜು ಹೀಗಿದೆ. ಎರೆ ಮಣ್ಣು ಮತ್ತು ಎರಡು ಲಾವಾ ಹಾಸುಗಳ ನಡುವೆ ಸಿಗುವ ರೆಡ್ ಬೋಲ್ ಎಂಬ ಕೆಂಪು ಜೇಡಿ ಪದರ 10 ಓಮ್-ಮೀಟರಿನ ಒಳಗೆ. ನೀರು ಹಿಡಿದ ಸವಕಲು, ತೂತುತೂತಾದ ಬಸಾಲ್ಟ್ 20ರಿಂದ 45. ಕಡಿಮೆ ಸವೆದದ್ದು 70ರವರೆಗೆ. ಅದರಾಚೆ ಗಟ್ಟಿ ಕರಿಕಲ್ಲು. ಗೆರೆ ಎಳೆದು ಓದುವುದೆಂದರೆ ಈ ಅಂಕಿಗಳನ್ನೇ ಗಡಿ ಮಾಡಿಕೊಂಡು ಬಣ್ಣ ಹಚ್ಚುವುದು. ಖರ್ಚಿಲ್ಲ, ಅರ್ಧ ಗಂಟೆಯ ಕೆಲಸ. ಒಂದೇ ಸಾಲು, ಒಂದೇ ಚಿತ್ರ, ಪಕ್ಕದ ಹೊಲದಲ್ಲೇ ದಾಖಲೆಯಿರುವ ಬೋರು ಇದ್ದರೆ ಇಷ್ಟೇ ಸಾಕು. ಆಗ ಫಜಿಗೆ ಸಮಯ ಹಾಕುವುದಕ್ಕಿಂತ ಎರಡನೆಯ ಸಾಲು ಅಳೆಯುವುದು ಮೇಲು.

ತೊಂದರೆ ಎಲ್ಲಿ? 44 ಬಂದ ಕೋಶ ‘ನೀರು’, 46 ಬಂದದ್ದು ‘ಅನುಮಾನ’. ಅಳತೆಯ ತಪ್ಪೇ ಶೇಕಡಾ 3ರಿಂದ 5 ಇರುವಾಗ ಈ ಎರಡಕ್ಕೂ ವ್ಯತ್ಯಾಸವೇ ಇಲ್ಲ.

ಮಮ್ದಾನಿ ನಿಯಮಗಳು: ತಿಳಿವಳಿಕೆ ಇದ್ದು ಬೋರು ಕಡಿಮೆ ಇರುವವರಿಗೆ

1975ರಲ್ಲಿ ಮಮ್ದಾನಿ ಮತ್ತು ಅಸಿಲಿಯನ್ ಒಂದು ಪುಟ್ಟ ಉಗಿಯಂತ್ರವನ್ನು ನಡೆಸಲು ಬಳಸಿದ ಪದ್ಧತಿ ಇದು. ಅನುಭವಸ್ಥರ ಮಾತನ್ನು ‘ಹೀಗಿದ್ದರೆ ಹಾಗೆ’ ಎಂಬ ನಿಯಮವಾಗಿ ಬರೆಯುವುದೇ ಇದರ ಜೀವ. ಐದಾರು ಬೋರಿನ ದಾಖಲೆಯೂ ಸ್ಥಳದ ಕಲ್ಲಿನ ಪರಿಚಯವೂ ಇದ್ದರೆ ನಮ್ಮ ಭಾಗಕ್ಕೆ ಇದೇ ಮೊದಲ ಆಯ್ಕೆ. ಯಾವ ಕೋಶಕ್ಕೆ ಯಾವ ನಿಯಮದಿಂದ ಅಂಕ ಬಂತೆಂದು ತೋರಿಸಲು ಬರುತ್ತದೆ, ತಪ್ಪಿದಾಗ ಯಾವ ನಿಯಮ ತಿದ್ದಬೇಕೆಂದೂ ಗೊತ್ತಾಗುತ್ತದೆ.

ಮಾಡುವ ಕ್ರಮ ಹೀಗೆ. ರೆಸಿಸ್ಟಿವಿಟಿಯನ್ನು ನೇರವಾಗಿ ಬಳಸದೆ 10ರ ಲಾಗ್ ತೆಗೆದುಕೊಳ್ಳಿ, ಏಕೆಂದರೆ 5ರಿಂದ 10ಕ್ಕೆ ಏರುವುದೂ 100ರಿಂದ 200ಕ್ಕೆ ಏರುವುದೂ ಕಲ್ಲಿನ ಮಟ್ಟಿಗೆ ಒಂದೇ ಹೆಜ್ಜೆ. ‘ನೀರು ಹಿಡಿದ ಬಸಾಲ್ಟ್’ ಎಂಬುದಕ್ಕೆ ಮೇಜಿನಾಕಾರದ ವಕ್ರ, ಅಂದರೆ ಯಾವ ಅಂಕಿಗೆ ಎಷ್ಟು ಸದಸ್ಯತ್ವ (ಗುಂಪಿಗೆ ಸೇರಿದ ಮಟ್ಟ) ಎಂದು ಹೇಳುವ ಗೆರೆ, ಕೊಡಿ: 12ರಲ್ಲಿ ಸೊನ್ನೆ, 20ರಿಂದ 45ರವರೆಗೆ ಪೂರ್ತಿ 1, 75ರಲ್ಲಿ ಮತ್ತೆ ಸೊನ್ನೆ. ‘ಗಟ್ಟಿ ಕಲ್ಲು’ 50ರಲ್ಲಿ ಶುರುವಾಗಿ 100ಕ್ಕೆ 1 ಆಗಲಿ. ಈಗ 60 ಓಮ್-ಮೀಟರಿನ ಕೋಶ ಬಂದರೆ ಅದರ ಲಾಗ್ 1.778. ನೀರಿನ ಗುಂಪಿಗೆ ಅದರ ಸದಸ್ಯತ್ವ 0.44, ಗಟ್ಟಿ ಕಲ್ಲಿಗೆ 0.26. ಎರಡೂ ಅಂಕ ಹತ್ತಿರ ಹತ್ತಿರ ಇವೆ ಎಂಬುದೇ ಇಲ್ಲಿ ಮುಖ್ಯ ಸುದ್ದಿ. ಅತಿ ದೊಡ್ಡ ಅಂಕದಿಂದ ಎರಡನೆಯದನ್ನು ಕಳೆದು, ಬಂದದ್ದನ್ನು 1ರಿಂದ ಕಳೆಯಿರಿ: 0.82. ಇದು ಗೊಂದಲದ ಅಂಕ. ನೀರಿನ ಚಿತ್ರದ ಪಕ್ಕದಲ್ಲೇ ಗೊಂದಲದ ಚಿತ್ರವನ್ನೂ ಅಚ್ಚು ಹಾಕಿ ಕೊಡದಿದ್ದರೆ ಫಜಿ ಬಳಸಿದ್ದಕ್ಕೆ ಅರ್ಥವೇ ಇಲ್ಲ.

ನಿಯಮಕ್ಕೆ ಕೊಡುವ ಅಂಕಿಯೇ ಒಳಹರಿವು: ಮೊದಲನೆಯದು ರೆಸಿಸ್ಟಿವಿಟಿ, ಎರಡನೆಯದು ಚಾರ್ಜೆಬಿಲಿಟಿ. ಡೋಣಿ ಹೊಳೆಯ ಬಯಲಿನಲ್ಲಿ ಇದಿಲ್ಲದೆ ನಡೆಯುವುದೇ ಕಷ್ಟ. ಅಲ್ಲಿ ಸವಳು ನೀರು ತುಂಬಿದ ಬಸಾಲ್ಟೂ ಜೇಡಿಯೂ ಎರಡೂ 10ರ ಆಸುಪಾಸಿಗೆ ಇಳಿಯುತ್ತವೆ, ಬಣ್ಣದಲ್ಲಿ ಎರಡೂ ಕಡುನೀಲಿ. ಜೇಡಿ ಬೆರೆತ ಪದರ ಹಲವು ಸಲ ಚಾರ್ಜೆಬಿಲಿಟಿ ತೋರಿಸುತ್ತದೆ, ಸವಳು ನೀರು ಅದನ್ನು ಕುಗ್ಗಿಸುತ್ತದೆ. ಹಾಗಾಗಿ ನಿಯಮ: ರೆಸಿಸ್ಟಿವಿಟಿ ತೀರ ಕಡಿಮೆ, ಚಾರ್ಜೆಬಿಲಿಟಿ ಹೆಚ್ಚು ಇದ್ದರೆ ಜೇಡಿ; ಎರಡೂ ಕಡಿಮೆ ಇದ್ದರೆ ಸವಳಿನ ಅನುಮಾನ, ಹತ್ತಿರದ ಬಾವಿಯ ನೀರಿನ ವಾಹಕತೆ ಅಳೆದು ನೋಡಿ. ನೀರು ಸಿಕ್ಕರೂ ಅದು ಬೆಳೆಗೆ ಬರದ ನೀರಾದರೆ ಬೋರು ಸೋತಂತೆಯೇ ಅಲ್ಲವೇ?

ಮೂರನೆಯ ಒಳಹರಿವನ್ನು ದಯವಿಟ್ಟು ಬಿಡಬೇಡಿ: ಆಳಕ್ಕೆ ಹೋದಂತೆ ರೆಸಿಸ್ಟಿವಿಟಿ ಎಷ್ಟು ಬೇಗ ಬದಲಾಗುತ್ತದೆ ಎಂಬ ಅಂಕ. ಕಾರಣ ಕೇಳಿ. ಅಳತೆಯ ಅಂಕಿಗಳಿಂದ ನೆಲದೊಳಗಿನ ಚಿತ್ರ ಕಟ್ಟುವ ಸಾಮಾನ್ಯ ಬಗೆಯ ಇನ್ವರ್ಷನ್ ತಂತ್ರಾಂಶ ಎಲ್ಲ ಗಡಿಗಳನ್ನೂ ಸವರಿ ನಯ ಮಾಡುತ್ತದೆ. ಮೇಲೆ 6 ಓಮ್-ಮೀಟರಿನ ಎರೆ, ಅದರ ಕೆಳಗೆ ನೇರವಾಗಿ 200ರ ಗಟ್ಟಿ ಕಲ್ಲು, ನಡುವೆ ಒಂದು ಹನಿ ನೀರೂ ಇಲ್ಲ ಎಂದುಕೊಳ್ಳಿ. ಚಿತ್ರದಲ್ಲಿ 6ರಿಂದ 200ಕ್ಕೆ ಏರುವಾಗ ನಡುವಿನ ಎಲ್ಲ ಅಂಕಿಗಳನ್ನೂ ದಾಟಲೇಬೇಕು. ಲಾಗ್ ಲೆಕ್ಕದಲ್ಲಿ ಇವೆರಡರ ನಡುಬಿಂದು 35. ಅದು ನೀರಿನ ವಕ್ರದ ನಡುಮಧ್ಯ! ಫಜಿ ಆ ಕೋಶಕ್ಕೆ ಪೂರ್ತಿ 1 ಅಂಕ ಕೊಟ್ಟು ಇಲ್ಲದ ಜಲಪದರವೊಂದನ್ನು ಹಾಸಿಬಿಡುತ್ತದೆ. ಕಲ್ಲಿನ ಹೆಸರುಗಳ ನಡುವಿನ ಗಡಿ ಮಸುಕಾಗಿರುವುದನ್ನು ಫಜಿ ಸಂಭಾಳಿಸುತ್ತದೆ, ನಿಜ. ಆದರೆ ಇನ್ವರ್ಷನ್ ಬಳಿದ ಮಸುಕು ಅದಕ್ಕೆ ಗೊತ್ತಾಗುವುದಿಲ್ಲ. ಈ ತಪ್ಪಿಗೆ ತೆರುವ ಬೆಲೆ ಒಂದು ಒಣ ಬೋರು.

ಇದಕ್ಕೆ ಮೂರು ಉಪಾಯ. ನಯ ಮಾಡುವ ಇನ್ವರ್ಷನ್ ಜೊತೆಗೆ ಚೂಪು ಗಡಿ ಉಳಿಸುವ ರೋಬಸ್ಟ್ ಬಗೆಯದನ್ನೂ ನಡೆಸಿ ಎರಡರಲ್ಲೂ ಉಳಿದ ಪದರವನ್ನು ಮಾತ್ರ ನಂಬಿ. ‘ರೆಸಿಸ್ಟಿವಿಟಿ ಮಧ್ಯಮ, ಬದಲಾವಣೆ ಕಡಿದಾದರೆ ಅನುಮಾನ; ರೆಸಿಸ್ಟಿವಿಟಿ ಮಧ್ಯಮ, ಬದಲಾವಣೆ ನಿಧಾನವಾದರೆ ಒಳ್ಳೆಯದು’ ಎಂಬ ನಿಯಮ ಸೇರಿಸಿ. ಮೂರನೆಯದು, ಕೃತಕ ಪರೀಕ್ಷೆ: ಮೇಲೆ 6, ಕೆಳಗೆ 200ರ ಎರಡೇ ಪದರದ ಮಾದರಿ ಕಟ್ಟಿ, ಶೇಕಡಾ 3 ಗದ್ದಲ (ಅಳತೆಯ ತಪ್ಪು) ಬೆರೆಸಿ, ಇನ್ವರ್ಷನ್ ಮಾಡಿ, ನಿಮ್ಮ ಫಜಿ ನಿಯಮಗಳನ್ನು ಅದರ ಮೇಲೆ ಓಡಿಸಿ. ಅಲ್ಲಿ ನೀರಿನ ಅಂಕ 0.5 ದಾಟಿದರೆ ನಿಮ್ಮ ವ್ಯವಸ್ಥೆ ಹುಸಿ ನೀರು ತೋರಿಸುತ್ತಿದೆ ಎಂದರ್ಥ. ರೆಸ್‌ಐಪೈ, ಪೈಗಿಮ್ಲಿ ಎಂಬ ಇನ್ವರ್ಷನ್ ತಂತ್ರಾಂಶಗಳೆರಡೂ ಉಚಿತ, ಎರಡರಲ್ಲೂ ಇದನ್ನು ಮಾಡಬಹುದು. ಒಂದು ಮಧ್ಯಾಹ್ನದ ಕೆಲಸ.

ನಿಯಮಗಳ ಸಂಖ್ಯೆ ಮೂರು ಒಳಹರಿವು, ತಲಾ ಮೂರು ಮಟ್ಟವೆಂದರೆ 27. ಇದಕ್ಕಿಂತ ಮುಂದೆ ಹೋದರೆ ಕೈಯಲ್ಲಿ ಹಿಡಿಯಲಾಗುವುದಿಲ್ಲ. ಕೊನೆಯ ಅಂಕ ಗುರುತ್ವ ಕೇಂದ್ರದಿಂದ, ಅಂದರೆ ಎಲ್ಲ ನಿಯಮಗಳ ಫಲ ಸೇರಿ ಆದ ಆಕೃತಿಯ ನಡುಬಿಂದುವಿನಿಂದ, ಬರುವುದರಿಂದ ಅದು 0ಯನ್ನೂ ಮುಟ್ಟುವುದಿಲ್ಲ, 1ನ್ನೂ ಮುಟ್ಟುವುದಿಲ್ಲ. ಮೇಲಿನ ಮಟ್ಟದ ತ್ರಿಕೋನ 0.6ರಿಂದ 1ರವರೆಗೆ ಏರಿದ್ದರೆ ಗರಿಷ್ಠ 0.87 ಮಾತ್ರ. ಅದನ್ನು ‘ಶೇಕಡಾ 87 ನೀರು ಬೀಳುತ್ತದೆ’ ಎಂದು ಯಾರಿಗೂ ಹೇಳಬಾರದು. ಸದಸ್ಯತ್ವ ಸಂಭಾವ್ಯತೆಯಲ್ಲ.

ಫಜಿ ಸಿ-ಮೀನ್ಸ್: ಬೋರಿನ ದಾಖಲೆಯೇ ಇಲ್ಲದವರಿಗೆ

ಡನ್ 1973ರಲ್ಲಿ ಶುರು ಮಾಡಿ ಬೆಜ್ಡೆಕ್ 1981ರ ಹೊತ್ತಿಗೆ ಬೆಳೆಸಿದ ಈ ವಿಧಾನ ನಿಯಮ ಕೇಳುವುದಿಲ್ಲ. ಕೋಶಗಳನ್ನು ತಾನೇ ಗುಂಪು ಮಾಡಿ, ಪ್ರತಿ ಕೋಶ ಪ್ರತಿ ಗುಂಪಿಗೆ ಎಷ್ಟು ಸೇರಿದೆಯೆಂದು ಹೇಳುತ್ತದೆ. ಎರಡು ಬಗೆಯ ಚಿತ್ರವಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೇ ರೆಸಿಸ್ಟಿವಿಟಿ ಚಿತ್ರಕ್ಕೆ ಹಾಕಿದರೆ ಹೆಚ್ಚೂ ಕಡಿಮೆ ಬಣ್ಣದ ಪಟ್ಟಿಗಳೇ ಬೇರೆ ಹೆಸರಲ್ಲಿ ಬರುತ್ತವೆ.

ಎಲ್ಲ ಸಾಲುಗಳ ದತ್ತಾಂಶವನ್ನು ಒಟ್ಟಿಗೆ ಹಾಕಿ ಗುಂಪು ಮಾಡಿ. ಬೇರೆ ಬೇರೆ ಮಾಡಿದರೆ ಮೊದಲ ಸಾಲಿನ ಎರಡನೆಯ ಗುಂಪಿಗೂ ಮೂರನೆಯ ಸಾಲಿನ ಎರಡನೆಯ ಗುಂಪಿಗೂ ಸಂಬಂಧವಿರುವುದಿಲ್ಲ. ಒಳಹರಿವುಗಳನ್ನು ಒಂದೇ ಅಳತೆಗೆ ತನ್ನಿ. ಆಳವನ್ನು ಒಳಹರಿವಾಗಿ ಕೊಟ್ಟರೆ ಚಿತ್ರ ಅಡ್ಡಪಟ್ಟಿಗಳಾಗಿ ಒಡೆಯುತ್ತದೆ, ಕೊಡಬೇಡಿ. ಗುಂಪಿನ ಸಂಖ್ಯೆ 3ರಿಂದ 6ರವರೆಗೆ ಪ್ರಯತ್ನಿಸಿ, ಪ್ರತಿಯೊಂದಕ್ಕೂ 20 ಸಲ ಬೇರೆ ಆರಂಭದಿಂದ ಓಡಿಸಿ, ಗುಂಪುಗಳು ಒಳಗೆ ಎಷ್ಟು ಬಿಗಿ, ಒಂದರಿಂದೊಂದು ಎಷ್ಟು ದೂರ ಎಂದು ಅಳೆಯುವ ಷೀ-ಬೆನಿ ಸೂಚ್ಯಂಕ ಕಡಿಮೆ ಬಂದದ್ದನ್ನು ಆರಿಸಿ. ಗುಂಪಿನ ಗಡಿ ಎಷ್ಟು ಮಸುಕಿರಬೇಕೆಂದು ಹೇಳುವ ಘಾತ ಎಂ (m) 1.5ರಿಂದ 2ರೊಳಗಿರಲಿ, ಅದನ್ನು ಏರಿಸುತ್ತ ಹೋದರೆ ನಾಲ್ಕು ಗುಂಪಿನಲ್ಲಿ ಎಲ್ಲ ಕೋಶಕ್ಕೂ 0.25ರ ಹತ್ತಿರದ ಅಂಕ ಬಂದು ಚಿತ್ರವೇ ಬೂದಿಯಾಗುತ್ತದೆ. ಪೈಥಾನಿನ ಸ್ಕೈಕಿಟ್-ಫಜಿಯಲ್ಲಿ ದತ್ತಾಂಶದ ಸಾಲುಗಳು ಒಳಹರಿವು, ಕಾಲಂಗಳು ಕೋಶ. ಹೆಚ್ಚಿನ ಬೇರೆ ಲೈಬ್ರರಿಗಳಿಗೆ ತಿರುವುಮುರುವು. ಹೊಸಬರ ಅರ್ಧ ದಿನ ಹಾಳಾಗುವುದು ಇಲ್ಲೇ.

ಇದರ ದೊಡ್ಡ ದೋಷವೆಂದರೆ ಗುಂಪುಗಳನ್ನು ಹೆಚ್ಚೂಕಡಿಮೆ ಒಂದೇ ಗಾತ್ರಕ್ಕೆ ಎಳೆಯುವ ಚಾಳಿ. ಮೂರು ಸಾವಿರ ಕೋಶಗಳ ನಡುವೆ ಮೂವತ್ತು ಕೋಶದ ಸಣ್ಣ ಬಿರುಕಿದ್ದರೆ ಅದನ್ನು ಪಕ್ಕದ ದೊಡ್ಡ ಗುಂಪು ನುಂಗುತ್ತದೆ. ಕಲ್ಲುನಾಡಿನಲ್ಲಿ ನೀರು ಇರುವುದೇ ಆ ಮೂವತ್ತು ಕೋಶದಲ್ಲಿ.

ಯಾವ ವಿಧಾನಕ್ಕಾದರೂ ಮುನ್ನ ಆಳದ ಪೊಳ್ಳು ಕೋಶಗಳನ್ನು ತೆಗೆದುಹಾಕಬೇಕು. ಎರಡು ಬೇರೆ ಆರಂಭಿಕ ರೆಸಿಸ್ಟಿವಿಟಿ ಇಟ್ಟು, ಉದಾಹರಣೆಗೆ 20 ಮತ್ತು 200, ಎರಡು ಸಲ ಇನ್ವರ್ಷನ್ ಮಾಡಿ. ಫಲಿತಾಂಶ ಆರಂಭದ ಅಂಕಿಯನ್ನೇ ಹಿಂಬಾಲಿಸುವ ಕೋಶಕ್ಕೆ ದತ್ತಾಂಶದ ಆಸರೆಯಿಲ್ಲ. ಓಲ್ಡನ್‌ಬರ್ಗ್ ಮತ್ತು ಲೀ 1999ರಲ್ಲಿ ಹೇಳಿದ, ಈ ಹಿಂಬಾಲಿಕೆಯನ್ನು ಅಳೆಯುವ ಸೂಚ್ಯಂಕ 0.2 ದಾಟಿದಲ್ಲಿ ಖಾಲಿ ಬಿಡಿ, ಬಣ್ಣ ಹಚ್ಚಬೇಡಿ.

ಗಾಮಾ ಓವರ್‌ಲೇ: ತಾಲ್ಲೂಕಿನ ನಕ್ಷೆಗೆ

ಪಂಚಾಯತಿ ಅಥವಾ ತಾಲ್ಲೂಕು ಮಟ್ಟದಲ್ಲಿ ಎಲ್ಲಿ ಅಳತೆಗೆ ಹೋಗಬೇಕೆಂದು ತೀರ್ಮಾನಿಸಲು ಇದು ಸರಿ. ಒಂದು ಹೊಲದಲ್ಲಿ ಬೋರಿನ ಜಾಗ ಗುರುತಿಸಲು ಅಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದ ಭೂವಿಜ್ಞಾನ ನಕ್ಷೆ, ಇಸ್ರೋದ ಭುವನ್ ತಾಣದ ಭೂರೂಪ ಮತ್ತು ಬಿರುಕುಗೆರೆ ಪದರ, 30 ಮೀಟರಿನ ಎತ್ತರದ ದತ್ತಾಂಶ, ನಿಮ್ಮ ಬಿಡಿ ಅಳತೆಗಳ ರೆಸಿಸ್ಟಿವಿಟಿ ನಕ್ಷೆ, ಇವನ್ನೆಲ್ಲ 0ರಿಂದ 1ಕ್ಕೆ ತಂದು ಕೂಡಿಸುವುದು. ಕ್ಯುಜಿಐಎಸ್‌ನಲ್ಲಿ (ಉಚಿತ ನಕ್ಷೆ ತಂತ್ರಾಂಶ) ಫಜಿ ಮಾಡುವ ಸಲಕರಣೆಗಳು ಒಳಗೇ ಇವೆ, ಕೂಡಿಸಲು ರಾಸ್ಟರ್ ಕ್ಯಾಲ್ಕ್ಯುಲೇಟರ್ ಸಾಕು.

ಗಾಮಾ ಎಂಬುದು ಉದಾರವಾದ ಬೀಜಗಣಿತ ಮೊತ್ತ (1ರಿಂದ ಪ್ರತಿ ಅಂಕ ಕಳೆದು, ಉಳಿದವನ್ನು ಗುಣಿಸಿ, ಅದನ್ನು ಮತ್ತೆ 1ರಿಂದ ಕಳೆದದ್ದು) ಮತ್ತು ಕಟ್ಟುನಿಟ್ಟಾದ ಗುಣಾಕಾರದ ನಡುವಿನ ತಿರುಗಣೆ. ಒಂದು ಚೌಕದಲ್ಲಿ ಮೂರು ಪದರದ ಅಂಕ 0.8, 0.6, 0.3 ಇರಲಿ. ಗಾಮಾ 0.9 ಇಟ್ಟರೆ ಫಲ 0.78, 0.75ಕ್ಕೆ 0.59, 0.5ಕ್ಕೆ 0.37. ಅದೇ ಚೌಕ, ಮೂರು ತೀರ್ಪು. ಹಾಗಾಗಿ ಗಾಮಾವನ್ನು ಪುಸ್ತಕದಿಂದ ಎತ್ತಿಕೊಳ್ಳದೆ 0.7ರಿಂದ 0.95ರವರೆಗೆ ಓಡಿಸಿ, ಗೆದ್ದ ಮತ್ತು ಸೋತ ಬೋರುಗಳನ್ನು ಯಾವುದು ಚೆನ್ನಾಗಿ ಬೇರ್ಪಡಿಸುತ್ತದೋ ನೋಡಿ. ಸೋತ ಬೋರಿನ ದಾಖಲೆ ಎಲ್ಲೂ ಬರೆದಿರುವುದಿಲ್ಲ, ಊರಲ್ಲಿ ಕೇಳಿಯೇ ಸಂಗ್ರಹಿಸಬೇಕು. ಗೆದ್ದ ಬೋರುಗಳಷ್ಟನ್ನೇ ಇಟ್ಟು ಪರೀಕ್ಷಿಸಿದರೆ ಎಲ್ಲ ನಕ್ಷೆಯೂ ಪಾಸಾಗುತ್ತದೆ.

ಇಲ್ಲಿ ಎಡವಿ ಬೀಳುವ ಮೂರು ಗುಂಡಿಗಳಿವೆ. ಯಾವುದಾದರೂ ಪದರದಲ್ಲಿ ಸೊನ್ನೆ ಬಂದರೆ ಗುಣಾಕಾರದಿಂದ ಇಡೀ ಚೌಕ ಸೊನ್ನೆ. ಕನಿಷ್ಠ ಅಂಕ 0.05 ಇಡಿ. ಇಳಿಜಾರು, ಹಳ್ಳಗಳ ಸಾಂದ್ರತೆ ಒಂದೇ ಎತ್ತರದ ದತ್ತಾಂಶದಿಂದ ಹುಟ್ಟಿದವು, ಭೂರೂಪವೂ ಬಹುಪಾಲು ಅದನ್ನೇ ಹೇಳುತ್ತದೆ. ಮೂರನ್ನೂ ಹಾಕಿದರೆ ಒಂದೇ ಸಾಕ್ಷಿಯನ್ನು ಮೂರು ಸಲ ಎಣಿಸಿದಂತೆ. ಬೀಜಗಣಿತ ಮೊತ್ತದಲ್ಲಿ 0.5ರ ಐದು ಪದರ ಸೇರಿದರೆ 0.97 ಆಗಿಬಿಡುತ್ತದೆ. ಕೊನೆಯದು ಬಿರುಕುಗೆರೆ: ಆಲಮಟ್ಟಿಯ ಕಾಲುವೆ ಹಾದುಹೋದ ಕಡೆ ನೇರ ಗೆರೆ ಕಂಡಲ್ಲೆಲ್ಲ ಬಿರುಕೆಂದು ಗುರುತಿಸಿದ ನಕ್ಷೆಗಳಿರುತ್ತವೆ. ಕಾಲುವೆ, ರಸ್ತೆ, ರೈಲು ಹಳಿಯನ್ನು ಮೊದಲು ಅಳಿಸಿ. ಇದೇ ಕೆಲಸಕ್ಕೆ ಬಳಸುವ, ಪದರಗಳನ್ನು ಎರಡೆರಡಾಗಿ ಹೋಲಿಸಿ ತೂಕ ಕೊಡುವ ಎಎಚ್‌ಪಿ ಪದ್ಧತಿಯನ್ನು ವಿವರಿಸುವುದು ಸುಲಭ, ಆದರೆ ಅಲ್ಲಿ ವರ್ಗದ ಗಡಿ 3 ಡಿಗ್ರಿ ಇದ್ದರೆ ಇಳಿಜಾರು 2.9 ಡಿಗ್ರಿಗೂ 3.1 ಡಿಗ್ರಿಗೂ ಅಂಕ ಜಿಗಿಯುತ್ತದೆ. ತೂಕವನ್ನು ಎಎಚ್‌ಪಿಯಿಂದ, ಪದರದ ಒಳಗಿನ ಅಂಕವನ್ನು ಫಜಿಯಿಂದ ತೆಗೆದುಕೊಂಡರೆ ಸಭೆಯಲ್ಲಿ ಒಪ್ಪಿಸುವುದೂ ಆಗುತ್ತದೆ.

ಆನ್‌ಫಿಸ್

ಜಾಂಗ್ 1993ರಲ್ಲಿ ಕೊಟ್ಟ, ನರಜಾಲದ ರೀತಿ ತಾನೇ ವಕ್ರಗಳನ್ನು ಕಲಿಯುವ ಫಜಿ. ಕಾಲೇಜು ಪ್ರಾಜೆಕ್ಟುಗಳಲ್ಲಿ ಇದಕ್ಕೆ ಬಹಳ ಆಕರ್ಷಣೆ. ಲೆಕ್ಕ ಹಾಕಿ: ಮೂರು ಒಳಹರಿವು, ತಲಾ ಮೂರು ಗಂಟೆಯಾಕಾರದ ವಕ್ರ. 9 ವಕ್ರಗಳಿಗೆ ತಲಾ 3ರಂತೆ 27 ಅಂಕಿ, 27 ನಿಯಮಗಳಿಗೆ ತಲಾ 4ರಂತೆ 108, ಒಟ್ಟು 135 ಅಂಕಿಗಳನ್ನು ಕಲಿಯಬೇಕು. ಹದಿನೈದು ಬೋರಿನಿಂದ ಅದು ಕಲಿಯುವುದಿಲ್ಲ, ಬಾಯಿಪಾಠ ಮಾಡುತ್ತದೆ. ಒಂದೇ ಬೋರಿನ ಹತ್ತು ಆಳಗಳನ್ನು ಹತ್ತು ಮಾದರಿ ಎಂದು ಎಣಿಸುವುದೂ ಮೋಸವೇ, ಅವು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನೂರಾರು ಬೋರಿನ ನಂಬುವಂಥ ದಾಖಲೆ ಇಲ್ಲದಿದ್ದರೆ ಬಿಡಿ. ಇದ್ದರೂ ಪರೀಕ್ಷೆಗೆ ಇಡೀ ಊರನ್ನೇ ಹೊರಗಿಡಿ, ಅಲ್ಲೊಂದು ಇಲ್ಲೊಂದು ಬೋರನ್ನಲ್ಲ.

ಕಲ್ಲು ಬದಲಾದರೆ ವಕ್ರವೂ ಬದಲಾಗಬೇಕು

ವಿಜಯಪುರದ ಬಹುಭಾಗ, ಅಥಣಿ, ರಾಯಬಾಗ, ಚಿಕ್ಕೋಡಿ ಟ್ರಾಪ್ ಕಲ್ಲಿನವು. ಮೇಲೆ ಕೊಟ್ಟ ಅಂಕಿಗಳು ಅಲ್ಲಿಗೆ ಆರಂಭವಾಗಿ ನಡೆಯುತ್ತವೆ. ಅದೇ ವಕ್ರವನ್ನು ಬಾದಾಮಿಗೋ ರಾಮದುರ್ಗಕ್ಕೋ ಒಯ್ದರೆ ಇಡೀ ಚಿತ್ರ ‘ಗಟ್ಟಿ ಕಲ್ಲು’ ಆಗುತ್ತದೆ. ಕಲಾದಗಿ ಕಲ್ಲಿನ ಕ್ವಾರ್ಟ್‌ಝೈಟ್ (ಗಟ್ಟಿಯಾದ ಮರಳುಗಲ್ಲು) ಸಾವಿರ ಓಮ್-ಮೀಟರ್ ದಾಟುವುದು ಸಾಮಾನ್ಯ, ಅದರ ನೀರಿನ ಬಿರುಕು ಕೆಲವು ನೂರಕ್ಕೆ ಇಳಿದರೆ ಅದೇ ಒಳ್ಳೆಯ ಸುಳಿವು. ಅಲ್ಲಿ ಅಂಕಿಗಿಂತ ಅಕ್ಕಪಕ್ಕದ ವ್ಯತ್ಯಾಸಕ್ಕೆ ಬೆಲೆ: ಅದೇ ಆಳದ ಸರಾಸರಿಗಿಂತ ಎಷ್ಟು ಕಡಿಮೆ ಎಂಬುದನ್ನು ಒಳಹರಿವು ಮಾಡಿ. ಲೋಕಾಪುರ, ಮುಧೋಳದ ಸುಣ್ಣಕಲ್ಲಿನಲ್ಲಿ ನೀರು ತುಂಬಿದ ಪೊಟರೆ ರೆಸಿಸ್ಟಿವಿಟಿ ಇಳಿಸುತ್ತದೆ, ಖಾಲಿ ಪೊಟರೆ ಏರಿಸುತ್ತದೆ. ‘ಹೆಚ್ಚಿದ್ದರೆ ಕೆಟ್ಟದ್ದು’ ಎಂಬ ಟ್ರಾಪಿನ ನಿಯಮ ಅಲ್ಲಿ ನಿಲ್ಲುವುದಿಲ್ಲ. ಇಳಕಲ್ಲಿನ ಗ್ರಾನೈಟಿನಲ್ಲಿ ಸವಕಲು ಪದರ ಮತ್ತು ಅದರಡಿಯ ಬಿರುಕು ಎರಡಕ್ಕೂ ಬೇರೆ ಬೇರೆ ವಕ್ರ ಬೇಕು. ಇಂಥ ಕಡೆ ಸಿ-ಮೀನ್ಸ್ ಮೊದಲು ಓಡಿಸಿ, ಸ್ಥಳದ ಸಹಜ ಗುಂಪುಗಳು ಯಾವ ಅಂಕಿಯಲ್ಲಿ ಬೀಳುತ್ತವೆಂದು ನೋಡಿ, ಅಲ್ಲಿಂದ ಮಮ್ದಾನಿಯ ವಕ್ರ ಕಟ್ಟುವುದು ಒಳ್ಳೆಯ ದಾರಿ.

ಅಳೆಯುವ ಕಾಲವೂ ವಕ್ರವನ್ನು ಸರಿಸುತ್ತದೆ. ಏಪ್ರಿಲಿನಲ್ಲಿ ಬಿರುಕು ಬಿಟ್ಟ ಎರೆ, ಆಗಸ್ಟಿನ ತೊಯ್ದ ಎರೆ ಒಂದೇ ಅಂಕಿ ಕೊಡುವುದಿಲ್ಲ. ಎರಡು ಋತುವಿನ ಸಾಲುಗಳನ್ನು ಒಂದೇ ಗುಂಪಿಗೆ ಹಾಕಬೇಡಿ. ಬೇಸಿಗೆಯಲ್ಲಿ ಗೂಟದ ಬುಡಕ್ಕೆ ಉಪ್ಪುನೀರು ಹಾಕಿ ಸಂಪರ್ಕದ ಅಡ್ಡಿ 2 ಕಿಲೋ-ಓಮ್ ಒಳಗೆ ತನ್ನಿ. ಬಾದಾಮಿಯ ಬರಿಗಲ್ಲಿನ ಮೇಲೆ ರಂಧ್ರ ಕೊರೆದು ಹಸಿ ಜೇಡಿ ತುಂಬಬೇಕಾಗುತ್ತದೆ.

ಹಣದ ಮಾತು

ಮೇಲಿನ ನಾಲ್ಕೂ ಫಜಿ ವಿಧಾನಗಳನ್ನು ಉಚಿತ ತಂತ್ರಾಂಶದಲ್ಲಿ, 8 ಜಿಬಿಯ ಸಾದಾ ಲ್ಯಾಪ್‌ಟಾಪಿನಲ್ಲಿ ಮಾಡಬಹುದು: ಪೈಥಾನ್, ಆರ್, ಆಕ್ಟೇವ್, ಕ್ಯುಜಿಐಎಸ್. ಮ್ಯಾಟ್‌ಲ್ಯಾಬ್ ಕಾಲೇಜಿನಲ್ಲಿದ್ದರೆ ವಕ್ರಗಳನ್ನು ಎಳೆದು ನೋಡಲು ಸುಲಭ, ಅದಕ್ಕೆಂದೇ ಕೊಳ್ಳುವ ಅಗತ್ಯವಿಲ್ಲ. ಹಣ ಮಿತವಾಗಿದ್ದರೆ ಅದನ್ನು ಅಳತೆಗೆ ಹಾಕಿ: ಮೊದಲು ಒಂದನ್ನೊಂದು ಕತ್ತರಿಸುವ ಎರಡನೆಯ ಸಾಲು, ಆಮೇಲೆ ಚಾರ್ಜೆಬಿಲಿಟಿ. ಒಂದೇ ಹೊಲ, ಒಂದೇ ದಿನದ ಬಾಡಿಗೆ ಯಂತ್ರ ಎಂದಾದರೆ ಗೆರೆಯ ಓದು ಮತ್ತು ಕೃತಕ ಪರೀಕ್ಷೆ. ಹತ್ತಾರು ಹೊಲದ ಜಲಾನಯನ ಯೋಜನೆಗೆ ಗಾಮಾ ನಕ್ಷೆಯಿಂದ ಜಾಗ ಆರಿಸಿ, ಪ್ರತಿ ಜಾಗಕ್ಕೆ ಮಮ್ದಾನಿ. ಎಂ.ಟೆಕ್. ಪ್ರಬಂಧಕ್ಕೆ ಸಿ-ಮೀನ್ಸ್ ಮತ್ತು ಮಮ್ದಾನಿ ಎರಡನ್ನೂ ಒಂದೇ ದತ್ತಾಂಶದ ಮೇಲೆ ಓಡಿಸಿ, ಎಲ್ಲಿ ಒಪ್ಪುವುದಿಲ್ಲವೋ ಆ ಕೋಶಗಳನ್ನೇ ಬಿಡಿಸಿ ನೋಡುವುದು ಆನ್‌ಫಿಸ್‌ಗಿಂತ ಹೆಚ್ಚು ಕಲಿಸುತ್ತದೆ.

ಕೊರೆಯುವ ದಿನ ಹತ್ತು ಅಡಿಗೊಂದು ಮುಷ್ಟಿ ಕಲ್ಲುಪುಡಿಯನ್ನು ಚೀಲದಲ್ಲಿ ಹಾಕಿ, ಆಳ ಬರೆದು, ಸಾಲಿನ ಯಾವ ಮೀಟರಿನಲ್ಲಿ ಬೋರು ಬಿತ್ತೆಂದು ಗುರುತಿಟ್ಟುಕೊಳ್ಳಿ. ನೀರು ಬಂದಿರಲಿ, ಬರದಿರಲಿ, ಮುಂದಿನ ಹೊಲದ ವಕ್ರದ ನಾಲ್ಕು ಮೂಲೆಗಳನ್ನು ತಿದ್ದುವುದು ಆ ಚೀಲಗಳಿಂದಲೇ.